ಒಂದೇ ಕೂಗು

ಇವತ್ತು ಬೆಳಿಗ್ಗೆ ಹಾಲಿಗೆ ಒಲೆ ಹಚ್ಚಿ, ಉಕ್ಕುವ ಮೊದಲು ಹಿಡಿಯಬೇಕೆಂದು ಕಾಯುತ್ತ ನಿಂತಿದ್ದೆ. ಹೊರಗೆ ದಟ್ಟ ಮಂಜು. ಕಿಟಕಿಯಾಚೆ ಬಾಳಗಡಿಯ ರಸ್ತೆಯೂ ಇಲ್ಲ, ರಸ್ತೆಯಾಚೆ ನನ್ನ ಜೆರಾಕ್ಸ್ ಅಂಗಡಿಯ ಬೋರ್ಡೂ ಇಲ್ಲ. ಅಷ್ಟರಲ್ಲಿ ಗೇಟಿನ ಕಡೆಯಿಂದ ಯಾರೋ ಕೂಗಿದರು. ಹೆಸರು ಹಿಡಿದು ಕೂಗಿದ್ದಲ್ಲ. 'ಏ ಹುಡ್ಗೀ…' ಅಂತ ಒಂದು ಹೆಂಗಸಿನ ದನಿ, ಕೊನೆಗೆ ಸ್ವಲ್ಪ ಎಳೆದದ್ದು. ಐವತ್ತು ದಾಟಿದ ನನ್ನನ್ನು ಹುಡುಗಿ ಅಂತ ಕರೆಯುತ್ತಿದ್ದವಳು ಈ ಲೋಕದಲ್ಲಿ ಒಬ್ಬಳೇ, ನನ್ನ ಚಿಕ್ಕಮ್ಮ. ಚಿಕ್ಕಮ್ಮ ತೀರಿಕೊಂಡು ಒಂದು ಮಳೆಗಾಲ ಕಳೆದಿದೆ.

ನಾನು ಅಲ್ಲಾಡಲಿಲ್ಲ. ಎರಡನೇ ಕೂಗಿಗೆ ಕಾದೆ.

ಯಾಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿದ್ದರೆ ಕೇಳಿ. ಮನೆಯ ಹೊರಗಿನಿಂದ ಯಾರಾದರೂ ಒಂದು ಸಲ ಕೂಗಿದರೆ ನಾವು ಓಗೊಡುವುದಿಲ್ಲ. 'ಓ' ಅನ್ನುವುದೂ ಇಲ್ಲ, 'ಯಾರು' ಅಂತ ಕೇಳುವುದೂ ಇಲ್ಲ. 'ಮನುಷ್ಯರಾದ್ರೆ ಇನ್ನೊಂದ್ಸಲ ಕೂಗ್ತಾರೆ, ಅದು ಕೂಗೋದು ಒಂದೇ ಸಲ' ಅಂತ ಅಮ್ಮ ಹೇಳುತ್ತಿದ್ದಳು. 'ಅದು' ಅಂದರೆ ಯಾವುದು ಅಂತ ಕೇಳಿದರೆ ಬೆನ್ನಿಗೊಂದು ಬೀಳುತ್ತಿತ್ತು. ಓಗೊಟ್ಟರೆ ನಿಮ್ಮ ದನಿಯ ಜಾಡು ಅದಕ್ಕೆ ಸಿಕ್ಕಿತು, ಆಮೇಲೆ ಅದು ಬಿಡುವುದಿಲ್ಲ. ಬಿ.ಎ. ಓದಿದೆ, ಕಂಪ್ಯೂಟರ್ ಕಲಿತೆ, ಕಾಲೇಜು ಹುಡುಗರ ಪ್ರಾಜೆಕ್ಟುಗಳಿಗೆಲ್ಲ ಸ್ಪೈರಲ್ ಹಾಕಿ ಕೊಟ್ಟೆ. ಆದರೂ ಇದೊಂದು ಹೋಗಲಿಲ್ಲ. ನಗುವುದಾದರೆ ನಗಿ. ಗುಡುಗು, ಹಲ್ಲಿ, ಕುಕ್ಕರಿನ ಸೀಟಿ, ಬಸ್ಸಿನ ರಿವರ್ಸು ಎಲ್ಲಕ್ಕೂ ಹೆದರುವವಳು ನಾನು. ಆ ಪಟ್ಟಿಯಲ್ಲಿ ಇದು ಬಿಟ್ಟುಹೋದರೆ ಅದಕ್ಕೇ ಬೇಜಾರಾಗಬಹುದು.

ಇಂಥ ನನ್ನನ್ನು ಚಿಕ್ಕಮ್ಮ ದೋಣಿಗೆ ಹತ್ತಿಸಿದ್ದಳು. ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ಮೊಬೈಲು ಬಂದಿತ್ತು, ಆದರೆ ಕೊಪ್ಪದಿಂದ ಆಚೆ ಹೋದರೆ ಅದು ಟೈಮು ನೋಡಲಿಕ್ಕೆ ಮಾತ್ರ. ಒಂದು ದಿನ ಟೋಪಿ ಹಾಕಿಕೊಂಡ, ಮೂವತ್ತರ ಆಸುಪಾಸಿನ ಒಬ್ಬರು ಅಂಗಡಿಗೆ ಬಂದು ಒಂದು ಕರಪತ್ರ ಕೊಟ್ಟು ಜೆರಾಕ್ಸ್ ಮಾಡಿಕೊಡಿ ಅಂದರು. 'ಭದ್ರೆಯ ಹಿನ್ನೀರಿನಲ್ಲಿ ಹುಟ್ಟು ಹಾಕೋಣ: ನದಿ, ಕಾಡು, ಕಾಡಿನವರ ಬದುಕು' ಅಂತ ಅದರಲ್ಲಿತ್ತು. ನರಸಿಂಹರಾಜಪುರದ ಹತ್ತಿರ ಶಿಬಿರ, ಒಂದು ಸಂಜೆ ಕಾಡಿನಂಚಿನ ಹಸಲ ಬುಡಕಟ್ಟಿನವರ ಕೇರಿಯಲ್ಲಿ, ಮಾರನೇ ಬೆಳಿಗ್ಗೆ ನೀರಿನ ಮೇಲೆ. ಮಷಿನ್ನಿನಿಂದ ಬಿಸಿಬಿಸಿ ಹಾಳೆಗಳು ಬೀಳುತ್ತಿದ್ದಾಗ ಭಂಡಿಗಡಿಯಿಂದ ಬಂದ ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಒಂದು ಹಾಳೆ ಎತ್ತಿ ಪೂರ್ತಿ ಓದಿದಳು.

"ಹೆಂಗಸ್ರನ್ನೂ ಸೇರ್ಸ್ಕತೀರ?" ಅಂತ ಟೋಪಿಯವರನ್ನು ಕೇಳಿದಳು.

"ಧಾರಾಳವಾಗಿ ಬನ್ನಿ ಅಮ್ಮ."

"ಹಂಗಾರೆ ಎರಡು ಹೆಸ್ರು ಬರ್ಕಳಿ."

ನಾನು ಬಾಯಿ ತೆಗೆಯುವ ಮೊದಲೇ ನನ್ನ ಹೆಸರು ಹೇಳಿಯಾಗಿತ್ತು. "ನನಗೆ ಈಜು ಬರಲ್ಲ ಚಿಕ್ಕಮ್ಮ" ಅಂದೆ. "ನಂಗೆಂತ ಬರ್ತದಾ? ದೋಣೀಲಿ ಕೂರಕ್ಕೆ ಈಜು ಎಂತಕ್ಕೆ ಮಾರಾಯ್ತಿ" ಅಂದಳು.

ಅವಳು ನೀರಿನ ಮೇಲೆ ಹೊರಟದ್ದೇ ನನಗೆ ಆಶ್ಚರ್ಯ. ಅವಳು ಹುಟ್ಟಿ ಬೆಳೆದದ್ದು ಶೃಂಗೇರಿಯ ಕಡೆ, ತುಂಗೆಯ ದಡದಲ್ಲಿ. ಆದರೂ ಹೊಳೆಗೆ ಕಾಲು ಇಳಿಬಿಟ್ಟು ಕೂತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ತವರಿನ ಜಗಲಿಯಲ್ಲಿ ಅವಳ ಅಣ್ಣನ, ಅಂದರೆ ನನ್ನ ಮಾವನ, ಒಂದು ಫೋಟೋ ಇತ್ತು. ಮೀಸೆ ಆಗಷ್ಟೇ ಚಿಗುರಿದ ಮುಖ. 'ನೀರಿಗೆ ಹೋದ ಮಾವ' ಅಂತಲೇ ನಾವು ಅನ್ನುತ್ತಿದ್ದೆವು. ಅವನ ಮಾತು ಯಾರೂ ಎತ್ತುತ್ತಿರಲಿಲ್ಲ. ಅಂಥವಳು ವಯಸ್ಸು ಐವತ್ತೈದಕ್ಕೆ ಬಂದ ಮೇಲೆ ನೀರಿನ ಮೇಲೆ ಹೋಗುತ್ತೇನೆಂದು ಯಾಕೆ ಹಟ ಹಿಡಿದಳು? ಕೇಳಬೇಕಿತ್ತು. ಕೇಳಲಿಲ್ಲ, ನನ್ನ ಹೆದರಿಕೆಯೇ ನನಗೆ ಹೊರಲಾರದಷ್ಟಿತ್ತು.

ಕೇರಿಯಲ್ಲಿ ನಮಗೆ ದಾರಿ ತೋರಿಸಲು ಇದ್ದವನು ಮಂಜಪ್ಪ, ಅಲ್ಲಿಯವನೇ. ನಗುಮುಖದ ಮನುಷ್ಯ, ಮಾತಿನ ಮಲ್ಲ. ಅವನ ತಾಯಿ ಅಂಗಳದಲ್ಲಿ ಬೆತ್ತ ಸೀಳಿ ಬುಟ್ಟಿ ಹೆಣೆಯುತ್ತಿದ್ದರು. ನಮ್ಮ ಗುಂಪಿನಲ್ಲಿದ್ದ ಮೇಷ್ಟ್ರುಗಳು, ಅವರ ಹೆಂಡಂದಿರು ಎಲ್ಲ ಸುತ್ತ ಕೂತರು. ಚಿಕ್ಕಮ್ಮ ಮಾತ್ರ ಪಕ್ಕದಲ್ಲೇ ಕೂತು ತಾನೂ ಒಂದು ಎಳೆ ಹಿಡಿದಳು. ಜೇನು, ಸೀಗೆ, ವಾಟೆಹುಳಿ ಅಂತ ಇಬ್ಬರಿಗೂ ಮಾತು ಮುಗಿಯದು. "ನಿಮ್ಮೂರು ಮುಂಚಿಂದ ಇಲ್ಲೇಯಾ?" ಅಂತ ಚಿಕ್ಕಮ್ಮ ಕೇಳಿದಾಗ ಆ ತಾಯಿ ಕೈಯಲ್ಲಿದ್ದ ಕತ್ತಿಯನ್ನು ಹಿನ್ನೀರಿನ ಕಡೆ ಚಾಚಿ, "ಅಗಾ, ಅಲ್ಲಿ. ಡ್ಯಾಮು ಕಟ್ಟಿದ್ಮೇಲೆ ಮೇಲೆ ಬಂದ್ವಿ. ಬದುಕಿದ್ದವ್ರು ಬಂದ್ವಿ. ಹಿರಿಯರು ಅಲ್ಲೇ ಅವ್ರೆ" ಅಂದರು. ತೀರಾ ಸಾಧಾರಣವಾಗಿ, ಪಕ್ಕದ ಬೀದಿಯಲ್ಲಿದ್ದಾರೆ ಅನ್ನುವ ಹಾಗೆ. ನಾನು ನೀರು ನೋಡಿದೆ. ಸತ್ತ ಮರಗಳ ಬೋಳು ತುದಿಗಳು ಉದ್ದಕ್ಕೂ ಎದ್ದು ನಿಂತಿದ್ದವು. ಅವುಗಳ ಬುಡದಲ್ಲಿ ಮನೆಗಳಿದ್ದವು, ಗೋರಿಗಳಿದ್ದವು ಅನ್ನುವುದು ನನಗೆ ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ದಡಕ್ಕೆ ಬಂದಾಗ ತೆಳುವಾದ ಮಂಜಿತ್ತು. ಗಾಳಿ ತುಂಬಿದ ರಬ್ಬರಿನ ದೋಣಿಗಳು, ಒಂದೊಂದರಲ್ಲಿ ಇಬ್ಬಿಬ್ಬರು. ಮಂಜಪ್ಪನದು ಮಾತ್ರ ಅವನದೇ ಮರದ ದೋಣಿ. ನಮಗೆಲ್ಲ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಸಿದರು. ಹೊಸ ರೇನ್‌ಕೋಟಿನ ವಾಸನೆ ಅದಕ್ಕೆ. "ಯಾರಾದರೂ ಹಿಂದುಳಿದರೆ ಸೀಟಿ ಊದುತ್ತೇವೆ, ಸೀಟಿ ಕೇಳಿದ ಕಡೆ ಬನ್ನಿ" ಅಂದರು ಟೋಪಿಯವರು. ಹೊರಡುವ ಮೊದಲು ಮಂಜಪ್ಪ ಎರಡು ವೀಳ್ಯದೆಲೆ, ಒಂದು ಅಡಿಕೆ ನೀರಿಗೆ ಬಿಟ್ಟು ಕೈ ಮುಗಿದ. ಕೆಳಗಿರುವವರಿಗೆ.

"ಎಲೆ ಅಡಿಕೆ ಕೊಟ್ಟೆ, ಸುಣ್ಣ ಕೊಡ್ಲಿಲ್ಲ ನೀನು" ಅಂದಳು ಚಿಕ್ಕಮ್ಮ.

"ಬೇಕಾದ್ರೆ ಅವ್ರೇ ಕೇಳ್ತಾರೆ ಬಿಡಿ ಅಮ್ಮ!"

ಎಲ್ಲರೂ ನಕ್ಕರು. ನನಗೆ ಮೈ ಜುಂ ಅಂತು. ನಿರ್ಜನ ದಾರಿಯಲ್ಲಿ ಸುಣ್ಣ ಕೇಳುವವರು ಮನುಷ್ಯರಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಅಂಥ ತಮಾಷೆಯನ್ನು ಯಾರಾದರೂ ನೀರಿನ ಅಂಚಿನಲ್ಲಿ ನಿಂತು ಆಡುತ್ತಾರೆಯೇ?

ಮೊದಲ ಸ್ವಲ್ಪ ಹೊತ್ತು, ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಇತ್ತು. ನೀರುಕಾಗೆಗಳು ಬೋಳು ಮರದ ಮೇಲೆ ರೆಕ್ಕೆ ಹರಡಿ ಕೂತಿದ್ದವು. ಮುಂದೆ ಎಲ್ಲೋ ಮಂಜಪ್ಪ ಆನೆ ದಾಟುವ ಜಾಗ ತೋರಿಸುತ್ತ ಕಥೆ ಹೇಳುತ್ತಿದ್ದ. ಹುಟ್ಟು ಹಾಕುವುದು ಮೊಸರು ಕಡೆಯುವುದಕ್ಕಿಂತ ಕಷ್ಟವಲ್ಲ ಅನ್ನಿಸಿ ನನಗೆ ಸಣ್ಣ ಜಂಬವೂ ಬಂತು. ಆಗ ಹಿಂದಿನಿಂದ ಚಿಕ್ಕಮ್ಮ, "ಒಂಚೂರು ನಿಲ್ಸೇ, ಎಲೆ ಹಾಕ್ಕತೀನಿ" ಅಂದಳು. ಅವಳ ಎಲೆಅಡಿಕೆಯ ಸಂಚಿ ಸೊಂಟದಲ್ಲಿ, ಸಂಚಿಯ ಮೇಲೆ ಜಾಕೆಟ್ಟು. ಅವಳು ಬಕಲ್ ಬಿಚ್ಚಿ ಜಾಕೆಟ್ ಕಳಚಿ ದೋಣಿಯ ಅಂಚಿನ ಮೇಲೆ ಇಟ್ಟಳು. ಎಲೆಯ ತೊಟ್ಟು ಮುರಿದಳು, ಬೆನ್ನಿನ ನಾರು ತೆಗೆದಳು, ಸುಣ್ಣ ಹಚ್ಚಿದಳು. ಭೂಮಿ ಬಾಯಿ ಬಿಟ್ಟರೂ ಆ ಕೆಲಸ ಅವಸರದಲ್ಲಿ ಮಾಡುವವಳಲ್ಲ. ಅವಳು ಮಡಿಸಿದ ಎಲೆ ಬಾಯಿಗಿಡುವಷ್ಟರಲ್ಲಿ ನಾನು ತಲೆಯೆತ್ತಿದೆ. ಮುಂದಿದ್ದ ದೋಣಿಗಳು ಇರಲಿಲ್ಲ. ಮಂಜು ದಟ್ಟವಾಗಿ ಕವಿದುಬಿಟ್ಟಿತ್ತು.

ನಾನು ಗಾಬರಿಯಲ್ಲಿ ಹುಟ್ಟು ಹಾಕಿದೆ. ಎತ್ತ ಅಂತ ನೋಡಲಿಲ್ಲ, ಸುಮ್ಮನೆ ಹಾಕಿದೆ. ದೋಣಿ ಏನಕ್ಕೋ ಬಡಿದು ಗಕ್ಕನೆ ನಿಂತಿತು. ಮಂಜಿನಲ್ಲಿ ಕಾಣದೆ, ನೀರಿನಿಂದ ಮೊಳದುದ್ದ ಎದ್ದಿದ್ದ ಒಂದು ಮರದ ಮೋಟು. ಬಡಿದ ಏಟಿಗೆ ಚಿಕ್ಕಮ್ಮನ ಜಾಕೆಟ್ಟು ಜಾರಿ ನೀರಿಗೆ ಬಿತ್ತು. ಕೈ ಚಾಚುವಷ್ಟರಲ್ಲಿ ತೇಲಿ ಬಿಳುಪಿನೊಳಗೆ ಹೋಯಿತು. ಆಮೇಲೆ ಆ ಸದ್ದು. ಸುಸ್ ಅಂತ, ಸಣ್ಣಗೆ, ಬಿಡದೆ. ದೋಣಿಯ ಗಾಳಿ ಹೋಗುತ್ತಿತ್ತು.

ಹೇಗೆ ಹೇಳಲಿ ಆ ಭಯವನ್ನು? ಕಿರಿಚಿದರೆ ಈ ಮಂಜಿನಲ್ಲಿ ಓಗೊಡುವುದು ಯಾರೋ ಏನೋ ಅನ್ನುವ ಹೆದರಿಕೆ ಬೇರೆ. ಇಬ್ಬರಿಗೂ ಈಜು ಬರುವುದಿಲ್ಲ, ಇಬ್ಬರಿಗೆ ಇರುವುದು ಒಂದೇ ಜಾಕೆಟ್ಟು, ಅದು ನನ್ನ ಮೈಮೇಲೆ. "ನೀನು ಹಾಕ್ಕೋ ಚಿಕ್ಕಮ್ಮ" ಅಂತ ಬಿಚ್ಚಲು ಹೋದರೆ ಬಕಲ್ಲು ಬಿಚ್ಚಿಕೊಳ್ಳಲಿಲ್ಲ. "ಕೈ ತೆಗಿ ಅದ್ರ ಮೇಲಿಂದ" ಅಂತ ಅವಳು ಗದರಿದಳು. ಒಂದು ಕೈಯಲ್ಲಿ ಮೋಟನ್ನು ತಬ್ಬಿ ಹಿಡಿದಿದ್ದಳು. ದೋಣಿ ಒಂದು ಮಗ್ಗುಲಿಗೆ ಕುಸಿದು ತಣ್ಣನೆಯ ನೀರು ತೊಡೆಗೆ ಬಂತು.

ಅಷ್ಟರಲ್ಲಿ ಕೂಗು ಕೇಳಿತು.

'ಕೂ…' ಅಂತ ಒಂದೇ ಸಲ. ಎಡಗಡೆಯಿಂದ, ನೀರಿನ ಮಟ್ಟದಲ್ಲೇ. ಸೀಟಿಯಲ್ಲ. ಟೋಪಿಯವರು ಹೇಳಿದ್ದು ಸೀಟಿ. ಇಬ್ಬರೂ ಉಸಿರು ಹಿಡಿದು ಎರಡನೆಯದಕ್ಕೆ ಕಾದೆವು. ಬರಲಿಲ್ಲ. ಏನೂ ಬರಲಿಲ್ಲ, ಗಾಳಿ ಸೋರುವ ಸದ್ದೊಂದು ಬಿಟ್ಟು.

ಸ್ವಲ್ಪ ಹೊತ್ತಿಗೆ ಇನ್ನೊಂದು. ಈ ಸಲ ಬಲಗಡೆಯಿಂದ. ಅದೂ ಒಂದೇ. ಎಡಗಡೆ ಇದ್ದದ್ದು ಬಲಗಡೆಗೆ ಹೇಗೆ ಬಂತು? ಹಿರಿಯರು ಅಲ್ಲೇ ಅವ್ರೆ ಅಂತ ಆ ತಾಯಿ ಹೇಳಿದ ಮಾತು ನೆನಪಾಗಿ ನನ್ನ ಬಾಯಿ ತಾನಾಗಿ ತೆರೆಯಿತು. ಓಗೊಡಲಿಕ್ಕೋ ಅಳಲಿಕ್ಕೋ ನನಗೇ ತಿಳಿಯದು. ಚಿಕ್ಕಮ್ಮನ ಕೈ ಬಂದು ನನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು. ಸುಣ್ಣ, ವೀಳ್ಯದೆಲೆಯ ಘಾಟು.

"ಓ ಅನ್ನಬೇಡ" ಅಂದಳು ಕಿವಿಯಲ್ಲಿ. "ಒಂದೇ ಕೂಗು ಅದು. ಸುಮ್ನಿರು."

ನೀರು ಸೊಂಟಕ್ಕೆ ಬಂತು. ಅವಳ ಕೈ ನನ್ನ ಬಾಯಿಯ ಮೇಲೆ ನಡುಗುತ್ತಿತ್ತು. ಚಿಕ್ಕಮ್ಮ ನಡುಗುವುದನ್ನು ನಾನು ಅದಕ್ಕೆ ಮುಂಚೆ ಕಂಡವಳಲ್ಲ. ಹಾವು ಹಿಡಿದ ಕೈ ಅದು, ಹೆರಿಗೆ ಮಾಡಿಸಿದ ಕೈ. ಅವಳೇ ಹೆದರಿದ ಮೇಲೆ ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ದೇವರ ಹೆಸರು ಹೇಳಬೇಕೆಂದರೆ ಒಂದೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಅಂಗಡಿಯ ಮಷಿನ್ನಿನ ಸ್ವಿಚ್ ಆಫ್ ಮಾಡಿದ್ದೇನೋ ಇಲ್ಲವೋ ಅನ್ನುವುದು.

ಮೂರನೇ ಕೂಗು ಬಂತು. ದೂರದಿಂದ. ಮೊದಲಿನ ಎರಡಕ್ಕಿಂತ ಬಹಳ ದೂರದಿಂದ, ಹೋಗುತ್ತಿರುವವರ ದನಿ.

ಬಾಯಿಯ ಮೇಲಿನ ಕೈ ಸಡಿಲವಾಯಿತು. ಚಿಕ್ಕಮ್ಮ ನನ್ನನ್ನು ನೋಡುತ್ತಿರಲಿಲ್ಲ, ಮಂಜಿನೊಳಗೆ ಎಲ್ಲೋ ನೋಡುತ್ತಿದ್ದಳು. ಬಾಯಲ್ಲಿದ್ದ ಎಲೆಯನ್ನು ಉಗಿದಳು. ಆಮೇಲೆ ಮೋಟನ್ನು ತಬ್ಬಿಕೊಂಡೇ ಕತ್ತು ಎತ್ತಿ ಕೂಗಿದಳು.

"ಓ… ಅಣ್ಣಾ! ಓ… ಇಲ್ಲಿದೀನಿ ಅಣ್ಣಾ! ಓ…"

ಅದು ಅವಳ ದನಿ ಅಲ್ಲ. ಎಂಟೊಂಬತ್ತು ವರ್ಷದ ಹುಡುಗಿಯ ದನಿ. ಕೂಗಿದಳು, ಕೂಗಿದಳು, ನಿಲ್ಲಿಸಲೇ ಇಲ್ಲ. ನನಗೆ ಕೂಗಿದವರ ಭಯ ಹೋಗಿ ಅವಳದೇ ಭಯ ಹುಟ್ಟಿತು. ಆಮೇಲೆ ನಾನೂ ಸೇರಿಕೊಂಡೆ. ಇಬ್ಬರೂ ಓ ಅಂತ ಒದರುತ್ತಿರುವಾಗ ಮಂಜು ಹರಿದು ಮರದ ದೋಣಿಯ ಮೂತಿ ಕಂಡಿತು, ಅದರ ಹಿಂದೆ ಮಂಜಪ್ಪ.

ಅವನು ಮೊದಲು ಚಿಕ್ಕಮ್ಮನನ್ನು ಎಳೆದುಕೊಂಡ, ಆಮೇಲೆ ನನ್ನನ್ನು. ನಮ್ಮ ದೋಣಿ ಹಳೇ ಗೋಣಿಯ ಹಾಗೆ ಮೋಟಿಗೆ ಜೋತುಬಿದ್ದಿತ್ತು.

"ಮೂರು ಕಡೆಯಿಂದ ಕೂಗಿದ್ನಲ್ಲ ಮಾರಾಯ್ರೆ, ಕೇಳ್ಲಿಲ್ವ?"

"ಕೇಳ್ತು" ಅಂದೆ ಹಲ್ಲು ಕಟಕಟಿಸುತ್ತ.

"ಕೇಳಿದ್ಮೇಲೆ ಓಗೊಡಕ್ಕೆ ಎಂತ ಆಗಿತ್ತು?"

"ಒಂದೊಂದೇ ಸಲ ಕೂಗಿದ್ಯಲ್ಲ!"

ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗಬೇಕೋ ಬೈಯಬೇಕೋ ತಿಳಿಯದೆ ತಲೆ ಕೆರೆದುಕೊಂಡ. "ಆ ಸೀಟಿ ಒಳಗೆ ನೀರು ಹೋಗಿ ಊದಕ್ಕೇ ಆಗ್ಲಿಲ್ಲ. ಅದ್ಕೆ ನಮ್ಮ ಕೂಗು ಹಾಕ್ದೆ. ಜೇನಿಗೆ ಹೋದಾಗ ನಾವು ಒಂದೇ ಸಲ ಕೂಗೋದು ಅಕ್ಕ. ಕೂಗಿ ಬಾಯಿ ಮುಚ್ಚಿ ಕಿವಿ ಕೊಡ್ಬೇಕು. ನಾನೇ ಕೂಗ್ತಾ ಇದ್ರೆ ಆಚೆಯವ್ರ ದನಿ ನಂಗೆ ಕೇಳೋದು ಹೆಂಗೆ? ಓ ಬರ್ಲಿಲ್ಲ ಅಂದ್ರೆ ಜಾಗ ಬದ್ಲಿಸಿ ಇನ್ನೊಂದು. ಇದಾದ್ಮೇಲೆ ಆಚೆ ದಡಕ್ಕೆ ಹುಡುಕಕ್ಕೆ ಹೊರಟಿದ್ದೆ." ಹುಟ್ಟು ಎತ್ತಿಕೊಳ್ಳುತ್ತ, "ಊರೊಳಗಾದ್ರೆ ನಮ್ಮವ್ವನೂ ಒಂದು ಕೂಗಿಗೆ ಬಾಗ್ಲು ತೆಗೆಯಲ್ಲ ಬಿಡಿ" ಅಂದ.

ದಡದಲ್ಲಿ ಬೆಂಕಿ ಕಾಯಿಸುತ್ತ ಕೂತಾಗ ಅವನಿಗೆ ತಮಾಷೆ ಮರಳಿತು. "ನಂಗೆ ಅಣ್ಣ ಅಂದ್ರಲ್ಲ ಅಮ್ಮ, ನನ್ನಂಥ ಮಕ್ಳಿರ್ಬೇಕು ನಿಮ್ಗೆ!" ಎಲ್ಲರೂ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಅವನ ತಾಯಿ ಕೊಟ್ಟ ಕಂಬಳಿ ಹೊದ್ದು ಬೆಂಕಿ ನೋಡುತ್ತಿದ್ದಳು.

ಕೊಪ್ಪಕ್ಕೆ ಬರುವ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು. ನಾನು ಕೇಳಿರಲಿಲ್ಲ.

"ಮುಂಗಾರಿನ ಮೊದಲ ಮಳೆಗೆ ಹಳ್ಳ ಹತ್ತಿ ಬರೋ ಹತ್ತುಮೀನು ಹಿಡಿತೀನಿ ಅಂತ ಹೋಗಿದ್ದ ಕಣೆ ಅಣ್ಣ. ಹಳ್ಳ ಬಂದು ಹೊಳೆ ಸೇರೋ ಜಾಗಕ್ಕೆ. ಮುಸ್ಸಂಜೆ. ನಾನು, ಅಮ್ಮ ಅಡಿಗೆ ಮನೇಲಿದ್ವಿ. ಹೊಳೆ ಕಡೆಯಿಂದ ಕೂಗು ಕೇಳ್ತು. ನಾನು ಓ ಅನ್ನಕ್ಕೆ ಬಾಯಿ ತೆಗ್ದೆ. ಅಮ್ಮ ಬಾಯಿ ಮುಚ್ಚಿದ್ಲು. ಕಳಲೆ ಹೆಚ್ಚಿದ್ದ ಕೈ."

ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿತು.

"ಇಬ್ರೂ ಕಾದ್ವಿ. ಇನ್ನೊಂದ್ಸಲ ಕೂಗ್ಲೇ ಇಲ್ಲ. ಅದೇ ಇರ್ಬೇಕು ಅಂತ ಅಮ್ಮ ದೀಪ ಹಚ್ಚಿದ್ಲು. ಬೆಳಿಗ್ಗೆ ಸಿಕ್ಕಿದ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲೂ ಇಲ್ಲ, ತಿರುಗಲೂ ಇಲ್ಲ.

"ಕೂಗಿದ್ದು ಅವನೇನೋ, ಮತ್ತೊಂದೇನೋ. ಅಮ್ಮ ಸಾಯೋ ತನಕ ಅದು ಅವನಲ್ಲ ಅಂತ್ಲೇ ಹೇಳಿದ್ಲು. ಹೇಳ್ದೆ ಇನ್ನೆಂತ ಮಾಡ್ತಾಳೆ. ನಾನೂ ಹಂಗೇ ಅಂದ್ಕಂಡು ಬಂದೆ, ನಿಮ್ಗೆಲ್ಲ ಅದನ್ನೇ ಕಲ್ಸಿದ್ವಿ. ಒಂದ್ಸಲ ನೀರ ಮೇಲೆ ಹೋಗಿ ಕೂತು ಬರ್ಬೇಕು ಅಂತಿತ್ತು ಕಣೆ, ಅದ್ಕೆ ನಿನ್ನೂ ಎಳ್ಕಂಡು ಹೋದೆ. ನೀರಲ್ಲಿರೋನಿಗೆ ಎರಡನೇ ಸಲ ಕೂಗಕ್ಕೆ ಉಸಿರು ಎಲ್ಲಿರ್ತದೆ ಹೇಳು? ಇವತ್ತು ಕೂತ್ಕಂಡೆ, ಗೊತ್ತಾಯ್ತು." ಕಿಟಕಿಯ ಕಂಬಿಗೆ ಹಣೆ ಆನಿಸಿದಳು. "ಹೋಗಿ ಎಳ್ದು ತರಕ್ಕೆ ನಮ್ಮ ಕೈಲಿ ಆಗ್ತಿರ್ಲಿಲ್ಲ, ಬಿಡು. ಆದ್ರೆ ಅವನಿಗೆ ಓ ಅಂತಾದ್ರೂ ಕೇಳ್ಬೇಕಿತ್ತು. ಯಾರೋ ಇದಾರೆ ಅಂತ ಗೊತ್ತಾಗ್ಬೇಕಿತ್ತು."

ಅವತ್ತಿನಿಂದ ಚಿಕ್ಕಮ್ಮ ಒಂದೇ ಕೂಗಿಗೆ ಓಗೊಡುತ್ತಿದ್ದಳು. ಕೂಗಿದ್ದು ನಾಯಿ ಓಡಿಸುವವರಿರಲಿ, ಮೀನಿನವನಿರಲಿ, ಬೇರೆ ಯಾರನ್ನೋ ಕರೆದವರಿರಲಿ, ಮಾಡುತ್ತಿದ್ದ ಕೆಲಸ ಬಿಟ್ಟು 'ಓ' ಅನ್ನುತ್ತಿದ್ದಳು. ಮನೆಯವರು ಅವಳಿಗೆ ಅರುಳುಮರುಳು ಅಂದರು. ನನಗೆ ಕಾರಣ ಗೊತ್ತಿತ್ತು. ಗೊತ್ತಿದ್ದೂ ನಾನು ಬದಲಾಗಲಿಲ್ಲ. ಇಷ್ಟು ವರ್ಷವೂ ಎರಡನೇ ಕೂಗಿಗೆ ಕಾದೇ ಬಾಗಿಲು ತೆಗೆದವಳು ನಾನು. ಹೆದರಿಕೆ ಕಾರಣ ಕೇಳಿ ಬಿಟ್ಟುಹೋಗುವಂಥದ್ದಲ್ಲ.

ಇವತ್ತು ಬೆಳಿಗ್ಗೆಯೂ ಕಾದೆ. ಎರಡನೆಯದು ಬರಲಿಲ್ಲ. ಅದು ಚಿಕ್ಕಮ್ಮನ ದನಿಯೇ ಅಂತ ನನ್ನ ಕಿವಿ ಹೇಳುತ್ತಿತ್ತು, ಸತ್ತವರ ದನಿಗಂತೂ ಓಗೊಡಬಾರದು ಅಂತ ಅಮ್ಮನ ಮಾತು ಹೇಳುತ್ತಿತ್ತು. ನನ್ನ ಕೈ ನನ್ನದೇ ಬಾಯಿಯ ಮೇಲೆ ಹೋಗಿ ಕೂತಿದೆ ಅಂತ ಗಮನಕ್ಕೆ ಬಂದದ್ದು ಆಗಲೇ. ಯಾವಾಗ ಹೋಯಿತೋ ಗೊತ್ತಿಲ್ಲ.

ಕೈ ತೆಗೆದೆ. ಹೋಗಿ ಚಿಲಕ ಸರಿಸಿ ಬಾಗಿಲು ತೆರೆದೆ. ಗೇಟು ಕಾಣಲಿಲ್ಲ, ಮೆಟ್ಟಿಲ ತನಕ ಬಂದು ನಿಂತಿತ್ತು ಮಂಜು.

"ಓ" ಅಂದೆ. ನನಗೇ ಕೇಳಿಸದಷ್ಟು ಸಣ್ಣಗೆ.

ಒಳಗೆ ಹಾಲು ಉಕ್ಕಿ ಚುರ್ ಅಂದ ಸದ್ದು ಬಂತು. ಓಡಿಹೋಗಿ ಗ್ಯಾಸ್ ಆರಿಸಿದೆ, ಮತ್ತೆ ಬಾಗಿಲಿಗೆ ಬಂದೆ. ಕೂಗಿದವರು ಅಲ್ಲಿ ಎಲ್ಲೋ ಇದ್ದರೆ, ಮೊದಲ ಸಲದ್ದು ಅವರಿಗೆ ಕೇಳಿಸಿರಲಿಕ್ಕಿಲ್ಲ. ಹೊಸ್ತಿಲು ದಾಟಿ, ಮೆಟ್ಟಿಲ ಮೇಲೆ ನಿಂತು, ಇನ್ನೊಂದು ಸಲ ಗಟ್ಟಿಯಾಗಿ 'ಓ' ಅಂದೆ.